ಹಸಿರು ಹಿಡಿದ ಗೋಡೆಗೆ ಹದಿನಾಲ್ಕು ದಿನ

ಬಡಾವಣೆ ಸಂಘದ ಕಾಗದ ಬಂದದ್ದು ಮಂಗಳವಾರ. ಏಪ್ರಿಲ್‌ನಲ್ಲಿ ಪೈನ್ ಮರಗಳ ಹಳದಿ ಪರಾಗದ ಪುಡಿ ಉದುರಿ ಮುಗಿಯಿತೆಂದರೆ ಜಾರ್ಜಿಯಾದ ಈ ಭಾಗದಲ್ಲಿ ಇಂಥ ಕಾಗದಗಳು ಹಾರಾಡಲು ಶುರುವಾಗುತ್ತವೆ. ಸಂಘದ ಅಧ್ಯಕ್ಷೆ ಅರ್ಲೀನ್ ವಾಟ್ಲಿಗೆ ಬೇರೆ ಕಸುಬಿಲ್ಲ. ಪುಟ್ಟ ಬ್ಯಾಟರಿ ಗಾಡಿಯಲ್ಲಿ ಕೂತು ಬೀದಿ ಬೀದಿ ಸುತ್ತುತ್ತಾಳೆ. ಯಾರ ಹುಲ್ಲು ಎಷ್ಟುದ್ದ ಬೆಳೆದಿದೆ, ಯಾರ ಕಸದ ಡಬ್ಬಿ ಹೊರಗೇ ಉಳಿದಿದೆ ಎಂದು ಫೋಟೋ ತೆಗೆಯುತ್ತಾಳೆ. ಆಮೇಲೆ ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ ಎಂದು ಬರೆದು ಕೆಳಗೆ ಸಹಿ ಹಾಕುತ್ತಾಳೆ. ಈ ಸಲ ಟಿಡ್‌ವೆಲ್ ದಂಪತಿಗಳ ಮನೆಯ ಉತ್ತರದ ಗೋಡೆಯ ಸರದಿ. ಗೋಡೆಗೆ ಹಸಿರು ಪಾಚಿ ಹಿಡಿದಿದೆ, ಹದಿನಾಲ್ಕು ದಿನದೊಳಗೆ ತೊಳೆಯಬೇಕು, ಇಲ್ಲವಾದರೆ ಸಂಘವೇ ಆಳು ಕಳಿಸಿ ತೊಳೆಸುತ್ತದೆ.

ವರ್ನಾ ಟಿಡ್‌ವೆಲ್ ಕಾಗದವನ್ನು ಎರಡು ಸಲ ಓದಿ ಮಡಚಿ ಏಪ್ರನ್ ಜೇಬಿಗೆ ತುರುಕಿಕೊಂಡಳು. ಹರಿದುಹಾಕಿದರೆ ಹೇಗೆ ಎಂದು ಯೋಚಿಸಿದಳು ಕೂಡ. ಅಷ್ಟರಲ್ಲಿ ಎದುರು ಮನೆಯ ಕ್ಲೀಟ್ ಮೋಬ್ಲಿ ತನಗೆ ಬಂದ ಕಾಗದವನ್ನು ಬಾವುಟದ ಹಾಗೆ ಬೀಸುತ್ತಾ ರಸ್ತೆ ದಾಟಿ ಬಂದ. ಅಂಗಳದಲ್ಲಿದ್ದ ಅವಳ ಗಂಡ ಹಾರ್ಲನ್ ಹತ್ತಿರ ನಿಂತ.

"ಏನಯ್ಯಾ, ನಿಂಗೂ ಬಂತಾ ಅರ್ಲೀನ್ ಪ್ರೇಮಪತ್ರ?"

"ಬರದೆ ಇರುತ್ತಾ? ನನ್ನ ಉತ್ತರದ ಗೋಡೆ ಕಪ್ಪೆ ಬೆನ್ನಿನ ಥರ ಆಗಿದೆ."

"ಶನಿವಾರ ತಾನೇ? ಮಿಕ್ಕೋರಿಗೂ ಹೇಳ್ಬಿಟ್ಟಿದೀನಿ. ನಿನ್ನ ಆ ಮುದಿ ಮೆಷಿನ್ ಸ್ಟಾರ್ಟ್ ಆಗುತ್ತೋ, ಇಲ್ಲಾ ಅಂತ್ಯಕ್ರಿಯೆ ಮಾಡೋಣ್ವೋ?"

"ನಿನ್ನ ಅಂತ್ಯಕ್ರಿಯೆಗೆ ಅದೇ ಮೆಷಿನಲ್ಲಿ ಸಮಾಧಿ ಕಲ್ಲು ತೊಳಿತೀನಿ, ನೋಡ್ತಿರು."

ಇಬ್ಬರೂ ಗಹಗಹಿಸಿ ನಕ್ಕರು. ಕಿಟಕಿಯ ಹಿಂದೆ ನಿಂತಿದ್ದ ವರ್ನಾಳಿಗೆ ಭಯವಾಯಿತು. ಆ ಬೀದಿಯ ಪದ್ಧತಿ ಅವಳಿಗೆ ಚೆನ್ನಾಗಿ ಗೊತ್ತು. ಹಳದಿ ಪುಡಿ ನಿಂತ ಮೇಲೆ ಬರುವ ಮೊದಲ ಒಳ್ಳೆಯ ಶನಿವಾರ ಗಂಡಸರೆಲ್ಲಾ ರಭಸವಾಗಿ ನೀರು ಚಿಮ್ಮಿಸುವ ತಂತಮ್ಮ ಪ್ರೆಷರ್ ಮೆಷಿನ್ ಎಳೆದು ತಂದು ತಂತಮ್ಮ ಮನೆಯನ್ನು ತಾವೇ ತೊಳೆಯಬೇಕು. ದುಡ್ಡು ಕೊಟ್ಟು ತೊಳೆಸಿದವನನ್ನು ವರ್ಷವಿಡೀ ಗೋಳು ಹೊಯ್ದುಕೊಳ್ಳುತ್ತಾರೆ. ಮೂಲೆ ಮನೆಯ ಲೆಕ್ಕಪರಿಶೋಧಕ ಒಂದೇ ಒಂದು ಸಲ ಆಳು ಕರೆಸಿದ್ದಕ್ಕೆ ಅವನನ್ನು ಇವತ್ತಿಗೂ 'ಮಹಾರಾಣಿ' ಎಂದೇ ಕರೆಯುತ್ತಾರೆ.

ವರ್ನಾಳ ಭಯಕ್ಕೆ ಕಾರಣ ಇಷ್ಟೇ. ಹಾರ್ಲನ್‌ನ ಬಲಗೈ ನಡುಗುತ್ತಿತ್ತು.

ಅವಳು ಅದನ್ನು ಮೊದಲು ಗಮನಿಸಿದ್ದು ಚಳಿಗಾಲದಲ್ಲಿ. ವಾಯುಪಡೆಯ ನೆಲೆಯಲ್ಲಿ ಮೂವತ್ತೊಂದು ವರ್ಷ ವಿಮಾನದ ರೆಕ್ಕೆಗಳಿಗೆ ರಿವೆಟ್ ಹೊಡೆದ ಕೈ ಅದು. ಕಾಫಿಯನ್ನು ಅರ್ಧ ಲೋಟಕ್ಕೆ ಇಳಿಸಿದ, ಕೇಳಿದರೆ ಕಾಫಿ ಕಮ್ಮಿ ಮಾಡುತ್ತಿದ್ದೇನೆ ಎಂದ. ಗುಂಡಿಯ ಅಂಗಿಗಳೆಲ್ಲಾ ಬೀರುವಿನ ಹಿಂದಕ್ಕೆ ಹೋದವು, ತಲೆಯ ಮೇಲಿಂದ ಎಳೆದು ಹಾಕಿಕೊಳ್ಳುವಂಥವು ಮುಂದೆ ಬಂದವು. ಚರ್ಚಿನಲ್ಲಿ ತಿಂಗಳಿಗೊಮ್ಮೆ ದ್ರಾಕ್ಷಿ ರಸದ ಪುಟ್ಟ ಪುಟ್ಟ ಲೋಟಗಳನ್ನಿಟ್ಟ ತಟ್ಟೆ ಕೈಯಿಂದ ಕೈಗೆ ದಾಟುತ್ತದೆ. ಹತ್ತೊಂಬತ್ತು ವರ್ಷ ಆ ತಟ್ಟೆಯನ್ನು ಸಾಲಿನಿಂದ ಸಾಲಿಗೆ ಹೊತ್ತವನು ಹಾರ್ಲನ್ನೇ. ಜನವರಿಯಲ್ಲಿ ಚಿಕ್ಕವರು ಮಾಡಲಿ ಎಂದು ಆ ಸೇವೆ ಬಿಟ್ಟ. ಈಗ ತಟ್ಟೆ ತನ್ನ ಮುಂದೆ ಬಂದಾಗ ಕಣ್ಣು ಮುಚ್ಚಿ ಪ್ರಾರ್ಥನೆಯಲ್ಲಿ ಮುಳುಗಿದವನಂತೆ ಕೂರುತ್ತಾನೆ. ವರ್ನಾ ಅವನ ತೊಡೆಯ ಮೇಲಿಂದ ಕೈ ಚಾಚಿ ತಟ್ಟೆಯನ್ನು ದಾಟಿಸಿಬಿಡುತ್ತಾಳೆ.

ಇದರ ಬಗ್ಗೆ ಮನೆಯಲ್ಲಿ ಒಂದು ಮಾತಿಲ್ಲ. ಫೆಬ್ರವರಿಯಲ್ಲಿ ಒಮ್ಮೆ ಅವಳು "ನಿನ್ನ ಕೈ..." ಎಂದು ಬಾಯಿ ತೆರೆದಿದ್ದಳು. "ನನ್ನ ಕೈಗೇನಾಗಿದೆ?" ಎಂದ ಹಾರ್ಲನ್. ಆ ಧ್ವನಿಯನ್ನು ಅವಳು ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕೇಳಿರಲಿಲ್ಲ. ಅವನ ಅಪ್ಪನಿಗೂ ಹೀಗೇ ಶುರುವಾಗಿತ್ತು. ಕೊನೆಗೆ ಆರು ವರ್ಷ ಕುರ್ಚಿಯಲ್ಲಿ ಕೂತು ಇನ್ನೊಬ್ಬರ ಚಮಚದಲ್ಲಿ ತಿಂದು ಸತ್ತ. ಹಾಗೆ ಬದುಕುವ ಬದಲು ಎಲ್ಲಿಂದಾದರೂ ಬಿದ್ದು ಸಾಯುವುದು ವಾಸಿ ಎಂದು ಹಾರ್ಲನ್ ಅಪ್ಪನ ಅಂತ್ಯಕ್ರಿಯೆ ಮುಗಿಸಿ ಬರುವಾಗ ಕಾರಿನಲ್ಲಿ ಹೇಳಿದ್ದ.

ಉತ್ತರದ ಕಡೆ ನೆಲ ಇಳಿಜಾರು. ಅಲ್ಲಿ ಗೋಡೆಯ ತುದಿ ಇಪ್ಪತ್ತೆರಡು ಅಡಿ. ಹಾರ್ಲನ್‌ನ ಹಳೇ ಮೆಷಿನ್ನಿಗೆ ದೂರದಿಂದ ಪಾಚಿ ಬಿಡಿಸುವ ಶಕ್ತಿಯಿಲ್ಲ, ಏಣಿ ಹತ್ತಿ ಹತ್ತಿರ ಹಿಡಿಯಬೇಕು. ನೀರಿನ ಗನ್ನಿನ ಕುದುರೆ ಒತ್ತಿದೊಡನೆ ಅದು ಭುಜವನ್ನು ಹಿಂದಕ್ಕೆ ತಳ್ಳುತ್ತದೆ. ಗಟ್ಟಿ ಕೈಯವರೇ ಒಂದು ಕ್ಷಣ ತಡವರಿಸುತ್ತಾರೆ. ಹತ್ತಬೇಡ ಎಂದರೆ ಯಾಕೆಂದು ಹೇಳಬೇಕು. ಹೇಳದಿದ್ದರೆ ಶನಿವಾರ ಅವನು ಹತ್ತುತ್ತಾನೆ. ವರ್ನಾಳಿಗೆ ಯಾವ ಕಡೆಗೂ ಹೆಜ್ಜೆ ಇಡುವಂತಿರಲಿಲ್ಲ.

ಉಳಿದ ದಾರಿ ಒಂದೇ, ತೊಳೆಯುವ ವಿಧಾನದ ಮೇಲೆ ಜಗಳ ತೆಗೆಯುವುದು. ರಾತ್ರಿ ಊಟಕ್ಕೆ ಅಲಸಂದೆ ಕಾಳು ಬಡಿಸುತ್ತಾ ಶುರು ಮಾಡಿದಳು.

"ಈ ಸಲ ಪ್ರೆಷರ್ ಬೇಡ ಕಣೋ. ಈಗೆಲ್ಲಾ ಔಷಧಿ ಹೊಡೆದು ತೊಳಿತಾರಂತೆ. ಬ್ಲೀಚು, ಸೋಪು, ನೀರು ಕಲಸಿ ನೆಲದ ಮೇಲೆ ನಿಂತೇ ಗೋಡೆಗೆ ಹಾಕೋದು. ಹತ್ತು ನಿಮಿಷ ಬಿಟ್ಟು ಮಾಮೂಲಿ ಪೈಪಲ್ಲಿ ನೀರು ಬಿಟ್ರೆ ಮುಗೀತು."

"ಯಾರು ಹೇಳಿದ್ದು ನಿಂಗೆ?"

"ಎಲ್ಲೋ ಓದಿದೆ."

"ಎಲ್ಲೋ ಓದಿದ್ಯಾ! ಗೋಡೆ ತೊಳೆಯೋದರ ಬಗ್ಗೆ?"

"ಓದ್ಬಾರ್ದಾ? ಪ್ರೆಷರಲ್ಲಿ ಹೊಡೆದ್ರೆ ಗೋಡೆಗೆ ಹೊದಿಸಿರೋ ಪ್ಲಾಸ್ಟಿಕ್ ಪಟ್ಟಿಗಳ ಸಂದಿಲಿ ನೀರು ನುಗ್ಗುತ್ತಂತೆ. ಒಳಗಡೆ ಮರ ಕೊಳೆಯುತ್ತಂತೆ."

"ಕೆಳಗಿಂದ ಮೇಲಕ್ಕೆ ಹೊಡೆಯೋ ದಡ್ಡರಿಗೆ ಹಾಗಾಗುತ್ತೆ. ಅದಕ್ಕೇ ಏಣಿ ಹತ್ತೋದು, ಮೇಲಿಂದ ಕೆಳಕ್ಕೆ ಹೊಡೆಯೋಕೆ." ಹಾರ್ಲನ್ ಗೆಲುವಿನ ನಗೆ ನಕ್ಕ. "ಅದೂ ಅಲ್ದೆ ಬ್ಲೀಚ್ ಇಳಿದು ಬಂದ್ರೆ ಕೆಳಗಿರೋ ನಿನ್ನ ಅಜೇಲಿಯಾ ಗಿಡಗಳು ಸುಟ್ಟು ಕರಕಲಾಗುತ್ವೆ. ಅದನ್ನ ಓದ್ಲಿಲ್ವಾ?"

"ಹೋದ್ರೆ ಹೋಗ್ಲಿ ಬಿಡು."

ಹಾರ್ಲನ್ ಚಮಚ ಕೆಳಗಿಟ್ಟ. ಆ ಅಜೇಲಿಯಾ ಗಿಡಗಳಿಗೆ ಹಿಮ ಬೀಳುವ ದಿನ ಹೊದಿಸಲು ವರ್ನಾ ತಮ್ಮ ಹಾಸಿಗೆಯ ಹೊದಿಕೆಯನ್ನೇ ಕಿತ್ತೊಯ್ದವಳು. ಚಿಗುರು ಮೇಯಲು ಬಂದ ಜಿಂಕೆಯನ್ನು ಒಳ ಉಡುಪಿನಲ್ಲೇ ಓಡಿ ಹೋಗಿ ಚಪ್ಪಲಿಯಿಂದ ಹೊಡೆದವಳು. ಅಂಥವಳ ಬಾಯಲ್ಲಿ ಈ ಮಾತು! ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಅವಳಿಗೆ ಗೊತ್ತಿದೆ ಎಂದು ಅವನಿಗೆ ಆ ಕ್ಷಣ ಗೊತ್ತಾಯಿತು, ಅವನಿಗೆ ಗೊತ್ತಾದದ್ದು ಅವಳಿಗೂ ಗೊತ್ತಾಯಿತು. ಆದರೂ ಅವನು ಮೆಕ್ಕೆಜೋಳದ ಬ್ರೆಡ್ಡು ಮುರಿದು ಬಾಯಿಗೆ ಹಾಕಿಕೊಂಡು, "ಶನಿವಾರ ಮಳೆ ಇಲ್ವಂತೆ," ಎಂದ.

ಗುರುವಾರ ವರ್ನಾ ಗಂಡನಿಗೆ ತಿಳಿಸದೆ ರಾನಿ ಸೈಕ್ಸ್‌ಗೆ ಫೋನ್ ಮಾಡಿದಳು. ಮೂವತ್ತೈದರ ಅವನಿಗೆ ಮನೆಗಳ ಹೊರಮೈ ತೊಳೆಯುವುದೇ ಉದ್ಯೋಗ. ದಾರಿಯಲ್ಲಿ ಹೋಗುತ್ತಿದ್ದೆ, ಗೋಡೆ ಕಣ್ಣಿಗೆ ಬಿತ್ತು ಎಂದು ಸುಳ್ಳು ಹೇಳಲು ಅವಳೇ ಹೇಳಿಕೊಟ್ಟಳು. ಪಾಪ, ಅವನು ಹಾಗೇ ಮಾಡಿದ. ಹಾರ್ಲನ್ ಅವನನ್ನು ಗೋಡೆಯ ಬುಡಕ್ಕೆ ಕರೆದೊಯ್ದು ಪರೀಕ್ಷೆಗೆ ಕೂರಿಸಿದ.

"ಪಾಚಿ ಬರೀ ಮೇಲಿನ ಕೊಳೆಯಲ್ಲ ಸಾರ್, ಜೀವ ಇರೋದು. ಪ್ರೆಷರಲ್ಲಿ ತಲೆ ಹಾರಿಸಿದ್ರೂ ಬುಡ ಉಳಿಯುತ್ತೆ, ಆರು ತಿಂಗಳಲ್ಲಿ ವಾಪಸ್ ಬರುತ್ತೆ. ಔಷಧಿ ಬಿದ್ರೆ ಬುಡಸಮೇತ ಸಾಯುತ್ತೆ," ಎಂದ ರಾನಿ. "ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹಾಕಿ ತೊಯ್ಸಿಟ್ರೆ ಏನೂ ಆಗಲ್ಲ."

ವರ್ನಾ ಕಿಟಕಿಯ ಪರದೆಯ ಹಿಂದೆ ಕಿವಿಗೊಟ್ಟು ನಿಂತಿದ್ದಳು.

"ನಾನು ಇಪ್ಪತ್ತು ವರ್ಷದಿಂದ ಈ ಗೋಡೆನ ಪ್ರೆಷರಲ್ಲೇ ತೊಳೀತಿದೀನಿ," ಎಂದ ಹಾರ್ಲನ್. "ಒಂದು ಪಟ್ಟಿ ಬಿರುಕು ಬಿಟ್ಟಿದೆಯಾ ತೋರ್ಸು ನೋಡೋಣ."

ರಾನಿ ಕತ್ತೆತ್ತಿ ನೋಡಿದ, ಬಗ್ಗಿ ನೋಡಿದ. ಒಳ್ಳೆಯ ಮನೆಯಲ್ಲಿ ಬೆಳೆದ ಹುಡುಗ, ಹಿರಿಯರಿಗೆ ಎದುರಾಡಿ ಗೊತ್ತಿಲ್ಲ. "ಇಲ್ಲ ಸಾರ್. ಇಷ್ಟು ಅಚ್ಚುಕಟ್ಟಾಗಿ ಇಟ್ಕೊಂಡಿರೋರಿಗೆ ನಾನೇನು ಹೇಳಿಕೊಡ್ಲಿ? ನಿಮ್ಮ ಕೈಗುಣ ನಿಮಗೇ ಇರಲಿ," ಎಂದು ಟೋಪಿ ತೆಗೆದು ನಮಸ್ಕರಿಸಿಬಿಟ್ಟ! ಹಾರ್ಲನ್ ಎದೆಯುಬ್ಬಿಸಿ ಒಳಗೆ ಬಂದ. ವರ್ನಾಳಿಗೆ ಆ ಹುಡುಗನ ಕೆನ್ನೆಗೆ ಬಾರಿಸಬೇಕೆನ್ನಿಸಿತು.

ಶುಕ್ರವಾರ ಅವಳು ಇನ್ನೂ ಕೆಳಮಟ್ಟಕ್ಕೆ ಇಳಿದಳು. ಗನ್ನಿನ ತುದಿಗೆ ಸಿಕ್ಕಿಸುವ ಹಿತ್ತಾಳೆಯ ಮೂತಿಯನ್ನು ಬಿಚ್ಚಿ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಹಾರ್ಲನ್ ಗ್ಯಾರೇಜಿನಲ್ಲಿ ಅರ್ಧ ಗಂಟೆ ಹುಡುಕಿದ. ಎಲ್ಲಿ ಹೋಯಿತೆಂದು ಅವಳನ್ನು ಕೇಳಲಿಲ್ಲ. ಸುಮ್ಮನೆ ಪೇಟೆಗೆ ಹೋಗಿ ಹೊಸದು ತಂದು ಅಡುಗೆಮನೆಯ ಕಟ್ಟೆಯ ಮೇಲೆ, ಹಿಟ್ಟಿನ ಡಬ್ಬಿಯ ಪಕ್ಕದಲ್ಲೇ ಇಟ್ಟ. ಅವತ್ತು ಸಂಜೆ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ, ವರ್ನಾ ಅತ್ತಳು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆಲ್ಲಾ ಬೀದಿ ತುಂಬ ಮೆಷಿನ್‌ಗಳ ಗುರ್ ಗುರ್ ಸದ್ದು. ಹಾರ್ಲನ್ ಗೋಡೆಗೆ ಏಣಿ ಆನಿಸಿದ. ವರ್ನಾ ತೊಳೆಯುತ್ತಿದ್ದ ತಟ್ಟೆ ಬಿಟ್ಟು, ಒದ್ದೆ ಕೈಯಲ್ಲೇ ಓಡಿ ಬಂದು ಏಣಿಯ ಎರಡೂ ಕಾಲುಗಳನ್ನು ಹಿಡಿದುಕೊಂಡಳು.

"ನೀನ್ಯಾಕೆ ಇಲ್ಲಿ? ನೀರು ಸಿಡಿಯುತ್ತೆ, ಹೋಗು."

"ಸಿಡೀಲಿ. ಹಿಡ್ಕೋತೀನಿ."

"ಇಪ್ಪತ್ತು ವರ್ಷ ಹಿಡೀದೋಳು..."

"ಈ ವರ್ಷ ಹಿಡೀತೀನಿ. ಹತ್ತೋದಾದ್ರೆ ಹತ್ತು, ಇಲ್ಲಾ ಬಿಡು."

ಅವನು ಹತ್ತಿದ. ಗನ್ನು ಎಡಗೈಯಲ್ಲಿ, ಬಲಗೈ ಮೆಟ್ಟಿಲ ಮೇಲೆ. ಆರನೆಯ ಮೆಟ್ಟಿಲು, ಏಳನೆಯದು, ಎಂಟನೆಯದು. ಆಗ ಅದು ಬಂತು. ಅವನ ಕೈಯಿಂದ ಅಲ್ಯುಮಿನಿಯಂ ಏಣಿಗಿಳಿದ ನಡುಕ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಹರಿದು ಅವಳ ಅಂಗೈ ಸೇರಿತು. ನಾಲ್ಕು ತಿಂಗಳಿಂದ ಬರೀ ಕಣ್ಣಿಂದ ಕದ್ದು ನೋಡುತ್ತಿದ್ದದ್ದನ್ನು ಅವಳು ಮೊದಲ ಬಾರಿಗೆ ಮುಟ್ಟಿದಳು. ಏಣಿಯ ತುದಿ ಪ್ಲಾಸ್ಟಿಕ್ ಪಟ್ಟಿಗೆ ತಗುಲಿ ಟಕಟಕ ಎನ್ನುತ್ತಿತ್ತು. ಹಾರ್ಲನ್ ಹನ್ನೆರಡನೆಯ ಮೆಟ್ಟಿಲಲ್ಲಿ ನಿಂತುಬಿಟ್ಟ. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡಿರುವುದು ಕೆಳಗಿನಿಂದ ಅವಳಿಗೆ ಕಾಣುತ್ತಿತ್ತು.

"ವರ್ನಾ," ಎಂದ ಅವನು ಕಡೆಗೆ. "ಏಣಿ ಅಲ್ಲಾಡ್ತಿದೆ ಕಣೇ."

ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಹೂಂ, ನಾನೇ. ನನ್ನ ಕೈ ನಡುಗ್ತಿದೆ. ಹಿಡಿಯೋಕೆ ಆಗ್ತಿಲ್ಲ, ಇಳಿದು ಬಾ."

"ನಿನ್ನ ಕೈಯಾ?"

"ನನ್ನ ಕೈಯೇ. ಇಳಿಯೋ, ದಮ್ಮಯ್ಯ."

ಅವನು ಗನ್ನನ್ನು ಹುಲ್ಲಿನ ಮೇಲೆ ಬಿಸಾಕಿ, ಎರಡೂ ಕೈಯಲ್ಲಿ ಏಣಿ ತಬ್ಬಿ ಒಂದೊಂದೇ ಮೆಟ್ಟಿಲಿಳಿದ. ನೆಲ ಮುಟ್ಟಿದ ಮೇಲೂ ಸ್ವಲ್ಪ ಹೊತ್ತು ಏಣಿಗೆ ಹಣೆಯೊತ್ತಿ ನಿಂತಿದ್ದ. ಇನ್ನೇನು ಹೇಳಿಬಿಡುತ್ತಾನೆ ಎಂದುಕೊಂಡಳು ವರ್ನಾ. ಅಷ್ಟರಲ್ಲಿ ಮೆಷಿನ್ ಸದ್ದು ಕೇಳಿಸದಿರುವುದನ್ನು ಗಮನಿಸಿ ಕ್ಲೀಟ್ ರಸ್ತೆ ದಾಟಿ ಬಂದ.

"ಏನಯ್ಯಾ, ಮುದಿ ಮೆಷಿನ್ ಕೊನೆಗೂ ಕಣ್ಮುಚ್ತಾ?"

ಹಾರ್ಲನ್ ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ. "ಮೆಷಿನ್ ಸರಿ ಇದೆ. ವರ್ನಾಗೆ ಹುಷಾರಿಲ್ಲ. ಕೈ ನಡುಗುತ್ತೆ ಪಾಪ, ಏಣಿ ಹಿಡಿಯೋಕಾಗ್ತಿಲ್ಲ. ಈ ಸಲ ಆ ರಾನಿ ಹುಡುಗನ್ನ ಕರೆಸೋಣ ಅಂತಿದೀನಿ."

ಕ್ಲೀಟ್‌ನ ಮುಖದ ನಗು ಮಾಯವಾಯಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಯ್ಯೋ ದೇವರೇ, ವರ್ನಾ. ಎಷ್ಟು ದಿನದಿಂದಮ್ಮಾ?" ವರ್ನಾ ತನ್ನ ಎರಡೂ ಕೈಗಳನ್ನು ಏಪ್ರನ್ ಒಳಗೆ ಸುತ್ತಿಕೊಂಡಳು. ಅವು ಕಲ್ಲಿನ ಹಾಗೆ ಸ್ಥಿರವಾಗಿದ್ದವು, ಅದನ್ನು ಯಾರೂ ನೋಡುವಂತಿರಲಿಲ್ಲ.

ಮಂಗಳವಾರ ರಾನಿ ಬಂದು ಗಿಡಗಳಿಗೆ ನೀರು ಹಾಕಿ, ಔಷಧಿ ಹೊಡೆದು, ಎರಡು ಗಂಟೆಯಲ್ಲಿ ಗೋಡೆಯನ್ನು ಬೆಳ್ಳಗೆ ಮಾಡಿ ಹೋದ. ಹಾರ್ಲನ್‌ನನ್ನು ಯಾರೂ ಮಹಾರಾಣಿ ಎನ್ನಲಿಲ್ಲ. ಹೆಂಡತಿಗಾಗಿ ಹಟ ಬಿಟ್ಟ ಗಂಡ ಎಂದು ಬೀದಿಯೇ ಅವನನ್ನು ಹೊಗಳಿತು.

ಆದರೆ ವರ್ನಾಳಿಗೆ ಆಗ ಬಿತ್ತು ನೋಡಿ ಬೋನಿನ ಬಾಗಿಲು. ಆ ಊರಿನಲ್ಲಿ ಯಾರಿಗಾದರೂ ಕಾಯಿಲೆ ಎಂದು ಗೊತ್ತಾದರೆ ಹೆಂಗಸರು ಸುಮ್ಮನಿರುವುದಿಲ್ಲ. ಗಾಜಿನ ಬೋಗುಣಿಗಳಲ್ಲಿ ಬೇಯಿಸಿದ ಅಡುಗೆ ಮೆರವಣಿಗೆ ಬರುತ್ತದೆ. ಬುಧವಾರದೊಳಗೆ ಕೋಳಿ-ಅನ್ನದ್ದು ಮೂರು, ಗೆಣಸಿನದು ಎರಡು, ಹಸಿರು ಹುರುಳಿಕಾಯಿಯದು ನಾಲ್ಕು ಬಂದಿದ್ದವು. ಅರ್ಲೀನ್ ವಾಟ್ಲಿ ತಾನೇ ಗಾಡಿಯಲ್ಲಿ ಬಂದು ಬಾಳೆಹಣ್ಣಿನ ಪಾಯಸ ಇಳಿಸಿ, ವರ್ನಾಳ ಕೆನ್ನೆ ಸವರಿ ಹೋದಳು. ಭಾನುವಾರ ಚರ್ಚಿನ ಪ್ರಾರ್ಥನೆಯ ಪಟ್ಟಿಯಲ್ಲಿ ಅವಳ ಹೆಸರು, ಶ್ವಾಸಕೋಶದ ಕ್ಯಾನ್ಸರ್ ಆದವರ ಕೆಳಗೆ. ಅವತ್ತು ದ್ರಾಕ್ಷಿ ರಸದ ತಟ್ಟೆ ಬಂದಾಗ ಪಕ್ಕದ ಹೆಂಗಸು, "ನೀವು ಮುಟ್ಬೇಡಿ ಚಿನ್ನಾ, ಚೆಲ್ಲೀತು," ಎಂದು ಲೋಟವನ್ನು ತಾನೇ ಎತ್ತಿ ಅವಳ ತುಟಿಗೆ ಹಿಡಿದಳು. ಇಡೀ ಸಾಲು ನೋಡುತ್ತಿತ್ತು. ವರ್ನಾ ಬಾಯಿ ತೆರೆದು ಕುಡಿದಳು. ಹಾರ್ಲನ್ ಕಣ್ಣು ಮುಚ್ಚಿಕೊಂಡು ಪ್ರಾರ್ಥಿಸುತ್ತಲೇ ಇದ್ದ.

ಮನೆಗೆ ಬಂದವಳೇ ಪರ್ಸನ್ನು ಸೋಫಾದ ಮೇಲೆ ಬಿಸಾಕಿದಳು. ಅವಳಿಗೆ ಕೆಟ್ಟ ಸಿಟ್ಟು ಬಂದಿತ್ತು.

"ಇನ್ನೆಷ್ಟು ದಿನ ಹಾರ್ಲನ್? ಮಗೂಗೆ ಕುಡಿಸೋ ಥರ ಕುಡಿಸಿದ್ಲು ನಂಗೆ. ಇನ್ನೆಷ್ಟು ದಿನ?"

ಹಾರ್ಲನ್ ನೆಲ ನೋಡುತ್ತಾ ನಿಂತಿದ್ದ. "ಡಾಕ್ಟರ ಹತ್ರ ಹೆಸರು ಬರೆಸಿದೀನಿ," ಎಂದ. "ಗುರುವಾರ ಹತ್ತು ಗಂಟೆಗೆ. ನಿನ್ನ ಕೈ ತೋರಿಸೋಕೆ."

"ನನ್ನ ಕೈ?"

"ನಿನ್ನ ಕೈ."

ಎದುರಿಗಿದ್ದ ಬೋಗುಣಿಯನ್ನೆತ್ತಿ ಅವನ ತಲೆಗೆ ಹಾಕಬೇಕೆನಿಸಿತು ಅವಳಿಗೆ. ತಾನೇ ಬಾಯಾರೆ ಆಡಿದ ಸುಳ್ಳು, ತಾನೇ ಹೊರಬೇಕು. ನುಂಗುವಂತಿಲ್ಲ, ಉಗುಳುವಂತಿಲ್ಲ. ಆದರೂ ಒಂದನ್ನು ಅವಳು ಗಮನಿಸಿದಳು. ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದವನು ಈಗ ತಾನೇ ಫೋನ್ ಮಾಡಿ ಸಮಯ ಗೊತ್ತು ಮಾಡಿದ್ದ. ಅವಳು ಬಯ್ಯದೆ ಒಳಗೆ ಹೋದಳು.

ಗುರುವಾರ ಕಾರು ಹಾರ್ಲನ್ನೇ ಹೊರಡಿಸಿದ. ವರ್ನಾಳ ಕೈ ನಡುಗುತ್ತದೆಂದು ನಂಬಿದ್ದ ಬೀದಿಯ ಕಣ್ಣೆದುರು ಬೇರೆ ದಾರಿಯಿರಲಿಲ್ಲ. ಕ್ಲೀಟ್ ಅಂಗಳದಿಂದ ಕೈ ಬೀಸಿದ. ಬಡಾವಣೆಯ ದ್ವಾರ ದಾಟಿ ಪೈನ್ ತೋಪಿನ ತಿರುವು ಬರುತ್ತಿದ್ದಂತೆ ಹಾರ್ಲನ್ ಕಾರನ್ನು ಬದಿಗೆ ನಿಲ್ಲಿಸಿದ. ಇಳಿದು ಸುತ್ತಿ ಬಂದು ಅವಳ ಕಡೆಯ ಬಾಗಿಲು ತೆರೆದು ಬೀಗದ ಕೈ ಚಾಚಿದ. ವರ್ನಾ ಇಳಿದು ಚಾಲಕನ ಸೀಟಿಗೆ ಹೋಗಿ ಕೂತಳು. ಹದಿನಾರು ಮೈಲಿ ಅವಳೇ ಓಡಿಸಿದಳು.

ಡಾಕ್ಟರು ಐವತ್ತು ದಾಟಿದ ಸಣ್ಣ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದರು. ಫೈಲು ನೋಡಿ, "ಬನ್ನಿ ವರ್ನಾ, ಎರಡೂ ಕೈ ಮುಂದೆ ಚಾಚಿ. ಬೆರಳು ಬಿಡಿಸಿ," ಎಂದರು.

ವರ್ನಾ ಕೈ ಚಾಚಿದಳು. ಪಾತ್ರೆ ತೊಳೆದು, ಗಿಡ ಅಗೆದು ಒರಟಾದ ಆ ಕೈಗಳು ಗಾಳಿಯಲ್ಲಿ ಎಳ್ಳಷ್ಟೂ ಅಲುಗದೆ ನಿಂತವು. ಡಾಕ್ಟರು ಎಡದಿಂದ ನೋಡಿದರು, ಬಲದಿಂದ ನೋಡಿದರು. ಅಂಗೈ ಮೇಲೆ ಒಂದು ಹಾಳೆ ಇಟ್ಟು ನೋಡಿದರು. ಹಾಳೆಯೂ ಕದಲಲಿಲ್ಲ.

"ಎಷ್ಟು ದಿನದಿಂದ ನಡುಕ ಇದು?"

ಎರಡು ವಾರ ಗಂಡನ ಪರವಾಗಿ ಸುಳ್ಳು ಹೇಳಿ ಹೇಳಿ ವರ್ನಾಳ ನಾಲಿಗೆಗೆ ಅಭ್ಯಾಸವಾಗಿತ್ತು. ಈಗಲೂ ಒಂದು ಉತ್ತರ ತುದಿಯಲ್ಲೇ ಸಿದ್ಧವಿತ್ತು. ಅವಳು ಅದನ್ನು ಹೇಳಲಿಲ್ಲ. ಹಲ್ಲು ಕಚ್ಚಿ ಸುಮ್ಮನೆ ಕೂತಳು. ಅವಳು ಇನ್ನು ಒಂದು ಮೆಟ್ಟಿಲೂ ಅವನಿಗಾಗಿ ಇಳಿಯುವವಳಲ್ಲ. ಬೇಕಿದ್ದರೆ ಈ ಕೋಣೆಯಲ್ಲೇ ಸಂಜೆಯಾಗಲಿ. ಡಾಕ್ಟರು ಪೆನ್ನು ಹಿಡಿದು ಕಾದರು.

ಪಕ್ಕದ ಕುರ್ಚಿ ಕಿರುಗುಟ್ಟಿತು. ವರ್ನಾಳ ಕೈಗಳ ಪಕ್ಕದಲ್ಲಿ ಇನ್ನೆರಡು ಕೈಗಳು ನಿಧಾನವಾಗಿ ಬಂದು ನಿಂತವು. ಎಡಗೈ ಸುಮ್ಮನಿತ್ತು. ಬಲಗೈ ಕುಣಿಯುತ್ತಿತ್ತು.

"ಎರಡು ವರ್ಷದಿಂದ," ಎಂದ ಹಾರ್ಲನ್.

ವರ್ನಾ ತಿರುಗಿ ಅವನ ಮುಖ ನೋಡಿದಳು. ನಾಲ್ಕು ತಿಂಗಳೆಂದು ಅವಳು ತಿಳಿದಿದ್ದಳು. ಹಾಗಾದರೆ ಹೋದ ವರ್ಷ, ಅದರ ಹಿಂದಿನ ವರ್ಷ, ಇದೇ ಕೈಯಲ್ಲಿ ಅವನು ಇಪ್ಪತ್ತೆರಡು ಅಡಿ ಹತ್ತಿ ಆ ಗೋಡೆ ತೊಳೆದಿದ್ದ. ಆಗ ಏಣಿಯನ್ನು ಯಾರೂ ಹಿಡಿದಿರಲಿಲ್ಲ, ಅವಳು ಒಳಗೆ ಕೂತು ಟೀಗೆ ಸಕ್ಕರೆ ಕಲಸುತ್ತಿದ್ದಳು. ಅವಳು ತನ್ನ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಡಾಕ್ಟರು ಕನ್ನಡಕ ಇಳಿಸಿಕೊಂಡು ತಮ್ಮ ಕುರ್ಚಿಯನ್ನು ಹಾರ್ಲನ್‌ನ ಕಡೆಗೆ ಸರಿಸಿಕೊಂಡರು.